ಹಲವು ಕೈಗಳ ಕೆಲಸ

ಕಡೂರು ತಾಲ್ಲೂಕಿನ ಸಖರಾಯಪಟ್ಟಣದ ಬಳಿ, ಶಕುನಗಿರಿಯ ತಪ್ಪಲಿನಲ್ಲಿ, ಅಯ್ಯನಕೆರೆಯೆಂಬ ದೊಡ್ಡ ಕೆರೆಯಿದೆ. ಅದನ್ನು ಕಟ್ಟಿಸಿದವನು ರುಕ್ಮಾಂಗದರಾಯನೆಂದು ಜನರ ನಂಬಿಕೆ. ಕಟ್ಟಿಸಿದವನ ಹೆಸರು ಜನರ ನಾಲಗೆಯ ಮೇಲೆ ಉಳಿಯುವುದು ಸಹಜ. ಆದರೆ ಕನ್ನಡ ನಾಡಿನ ಯಾವ ಕೆರೆಯೂ ಕಟ್ಟಿಸಿದವನೊಬ್ಬನಿಂದಲೇ ಉಳಿದುದಲ್ಲ. ಏರಿಯಲ್ಲಿ ಬಿರುಕು ಕಂಡವನು ಊರಿಗೆ ಬಂದು ತಿಳಿಸಿದನು; ತೂಬು ಕಟ್ಟಿಕೊಂಡಾಗ ಈಜು ಬಲ್ಲವನು ಮುಳುಗಿ ಬಿಡಿಸಿದನು; ಬೇಸಗೆಯಲ್ಲಿ ನೀರು ತಗ್ಗಿದಾಗ ರೈತರು ಹೂಳೆತ್ತಿ ತಮ್ಮ ಹೊಲಗಳಿಗೆ ಸಾಗಿಸಿದರು. ಇವರ ಹೆಸರುಗಳನ್ನು ಯಾರೂ ಬರೆದಿಡಲಿಲ್ಲ. ಆದರೂ ಕೆರೆಗಳು ಉಳಿದುದು ಇವರಿಂದ.

ಇಂಥದೇ ಒಂದು ಕೆಲಸ ಇಂದು ಗಣಕಯಂತ್ರದ ಲೋಕದಲ್ಲಿಯೂ ನಡೆಯುತ್ತಿದೆ. ಗಣಕಯಂತ್ರವು ಏನು ಮಾಡಬೇಕೆಂಬುದನ್ನು ಹಂತಹಂತವಾಗಿ ಬರೆದಿಟ್ಟ ಆದೇಶಗಳ ಸಮೂಹಕ್ಕೆ ತಂತ್ರಾಂಶವೆಂದು ಹೆಸರು. ಮನುಷ್ಯನು ಓದಬಲ್ಲ ಅದರ ಮೂಲ ಬರಹವೇ ಆಕರ ಸಂಕೇತ. ಅನೇಕ ಕಂಪೆನಿಗಳು ಈ ಬರಹವನ್ನು ಗುಟ್ಟಾಗಿ ಇಟ್ಟುಕೊಳ್ಳುತ್ತವೆ. ಕೊಂಡವನು ತಂತ್ರಾಂಶವನ್ನು ಬಳಸಬಹುದೇ ಹೊರತು ಒಳಗೆ ಏನಿದೆಯೆಂದು ನೋಡುವಂತಿಲ್ಲ, ತಿದ್ದುವಂತಿಲ್ಲ. ಇದನ್ನು ಒಪ್ಪದ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಅವರು, ಯಾರು ಬೇಕಾದರೂ ಓದಿ, ತಿದ್ದಿ, ಹಂಚಬಹುದಾದ ತಂತ್ರಾಂಶವನ್ನು ರಚಿಸುವ ‘ಗ್ನೂ’ ಯೋಜನೆಯನ್ನು 1983ರಲ್ಲಿ ಸಾರಿದರು. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ನಗರದಲ್ಲಿ ಓದುತ್ತಿದ್ದ ಇಪ್ಪತ್ತೊಂದು ವರ್ಷದ ತರುಣ ಲೀನಸ್ ಟೋರ್ವಾಲ್ಡ್ಸ್, ತಾನು ಬರೆಯುತ್ತಿದ್ದ ತಂತ್ರಾಂಶವೊಂದನ್ನು ಲೋಕದ ಮುಂದಿಟ್ಟು ಸಲಹೆ ಬೇಡಿದನು. ಅದೇ ಲಿನಕ್ಸ್. ಸಾವಿರಾರು ಜನ ಅದಕ್ಕೆ ಕೈಗೂಡಿಸಿದರು. ಇಂದು ಆಂಡ್ರಾಯ್ಡ್ ಫೋನನ್ನು ಹಿಡಿದಿರುವ ಪ್ರತಿಯೊಬ್ಬರ ಕೈಯಲ್ಲಿಯೂ ಲಿನಕ್ಸ್ ಕೆಲಸಮಾಡುತ್ತಿದೆ. ಹೀಗೆ ಎಲ್ಲರಿಗೂ ತೆರೆದಿಟ್ಟ ತಂತ್ರಾಂಶವನ್ನು ಮುಕ್ತ ತಂತ್ರಾಂಶವೆನ್ನುತ್ತಾರೆ.

ಕೆರೆಗೂ ಇದಕ್ಕೂ ಒಂದು ಭೇದವುಂಟು. ಕೆರೆಯ ನೀರು ಬಳಸಿದಷ್ಟೂ ತಗ್ಗುತ್ತದೆ. ತಂತ್ರಾಂಶವನ್ನು ವಿದ್ಯೆಯಂತೆ ಎಷ್ಟು ಜನರಿಗೆ ಹಂಚಿದರೂ ಕೊಟ್ಟವನಲ್ಲಿ ಕಡಮೆಯಾಗುವುದಿಲ್ಲ. ಆದರೆ ನೋಡಿಕೊಳ್ಳುವವರಿಲ್ಲದಿದ್ದರೆ ಎರಡೂ ಕೆಡುತ್ತವೆ.

ಕನ್ನಡಕ್ಕೆ ಇದರಿಂದ ಆಗಿರುವ ಉಪಕಾರ ಸಣ್ಣದಲ್ಲ. ಲಾಭವನ್ನು ಲೆಕ್ಕಹಾಕುವ ಕಂಪೆನಿಯು ಕೊಳ್ಳುವವರು ಹೆಚ್ಚಾಗಿರುವ ಭಾಷೆಯ ಕಡೆಗೆ ಮೊದಲು ನೋಡುತ್ತದೆ. ಉಳಿದ ಭಾಷೆಗಳು ಕಾಯಬೇಕಾಗುತ್ತದೆ. ಮುಕ್ತ ತಂತ್ರಾಂಶದಲ್ಲಿ ಕಾಯಬೇಕಾದ ಕಟ್ಟುಪಾಡಿಲ್ಲ. ಲಿಬ್ರೆ ಆಫೀಸ್ ಎಂಬ ಬರವಣಿಗೆಯ ತಂತ್ರಾಂಶವು ತನ್ನ ಆದೇಶಗಳನ್ನು ಕನ್ನಡದಲ್ಲಿ ತೋರಿಸಬಲ್ಲದು. ಕನ್ನಡ ವಿಕಿಪೀಡಿಯವು 2003ರಲ್ಲಿ ಆರಂಭವಾಗಿ, ಬಹುಮಟ್ಟಿಗೆ ಸ್ವಯಂಸೇವಕರ ಶ್ರಮದಿಂದ 30 ಸಾವಿರಕ್ಕೂ ಹೆಚ್ಚು ಲೇಖನಗಳಷ್ಟು ಬೆಳೆದಿದೆ. ವಿ. ಕೃಷ್ಣ ಅವರು ದಶಕಗಳ ಕಾಲ ದುಡಿದು, ಒಂದೂವರೆ ಲಕ್ಷ ಕನ್ನಡ ಪದಗಳಿಗೆ ಇಂಗ್ಲಿಷ್ ಅರ್ಥಗಳನ್ನು ಕೂಡಿಸಿದ ‘ಅಲರ್’ ನಿಘಂಟು 2019ರಲ್ಲಿ ಮುಕ್ತ ಪರವಾನಗಿಯೊಡನೆ ಎಲ್ಲರ ಸೊತ್ತಾಯಿತು.

ಇಂಥ ಕೆಲಸದಲ್ಲಿ ಯಾರು ಏನು ಮಾಡಿದರೆಂಬುದು ಮರೆತುಹೋಗುವುದಿಲ್ಲವೆ? ಇದಕ್ಕೆ ಉತ್ತರವನ್ನು ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ ನೋಡಬಹುದು. ಹೊಯ್ಸಳ ದೊರೆ ಎರಡನೆಯ ವೀರಬಲ್ಲಾಳನ ದಂಡನಾಯಕನಾದ ಅಮೃತನು 1196ರಲ್ಲಿ ಅಲ್ಲಿ ಅಮೃತೇಶ್ವರ ದೇವಾಲಯವನ್ನು ಕಟ್ಟಿಸಿದನು. ಅಲ್ಲಿಯ ಶಾಸನದ ಪದ್ಯಗಳನ್ನು ರಚಿಸಿದವನು ಕವಿ ಜನ್ನ. ಅಲ್ಲಿ ಕೆಲಸಮಾಡಿದ ಶಿಲ್ಪಿಗಳಲ್ಲಿ ಮುಂದೆ ಹೆಸರಾದ ಮಲ್ಲಿತಮ್ಮನೂ ಒಬ್ಬ. ಹೊಯ್ಸಳ ಶಿಲ್ಪಿಗಳು ತಾವು ಕಡೆದ ವಿಗ್ರಹದ ಪೀಠದಲ್ಲಿ ಹೆಸರನ್ನು ಕೊರೆಯುತ್ತಿದ್ದುದರಿಂದಲೇ ಅವರ ಕೈಕೆಲಸವನ್ನು ಇಂದು ಗುರುತಿಸಬಹುದಾಗಿದೆ. ಮುಕ್ತ ತಂತ್ರಾಂಶದಲ್ಲಿಯೂ ಇಂಥ ಪದ್ಧತಿಯಿದೆ. ಟೋರ್ವಾಲ್ಡ್ಸ್ ಅವರೇ 2005ರಲ್ಲಿ ರಚಿಸಿದ ‘ಗಿಟ್’ ಎಂಬ ಸಾಧನವು, ಯಾವ ಸಾಲನ್ನು ಯಾರು, ಯಾವಾಗ, ಯಾವ ಕಾರಣಕ್ಕಾಗಿ ಬದಲಿಸಿದರೆಂಬುದನ್ನು ಅಳಿಯದಂತೆ ದಾಖಲಿಸಿಡುತ್ತದೆ. ಒಂದು ಅಕ್ಷರವನ್ನು ತಿದ್ದಿದವನ ಹೆಸರೂ ಅಲ್ಲಿರುತ್ತದೆ.

ಇಂಥ ಕಾರ್ಯದಲ್ಲಿ ಹೊಸಬನು ತೊಡಗುವುದು ಹೇಗೆ? ಮೊದಲನೆಯ ಹೆಜ್ಜೆ ಬಳಸುವುದು. ಎರಡನೆಯದು ಗಮನವಿಟ್ಟು ನೋಡುವುದು. ತಾನು ದಿನವೂ ಬಳಸುವ ತಂತ್ರಾಂಶದ ದೋಷ ಬಳಸುವವನಿಗೇ ಮೊದಲು ಕಾಣುತ್ತದೆ. ಒಬ್ಬ ವಿದ್ಯಾರ್ಥಿಗೆ ‘ಸ್ವಾತಂತ್ರ್ಯ’ ಎಂಬ ಪದದ ಒತ್ತಕ್ಷರಗಳು ಒಂದರ ಮೇಲೊಂದು ಬಿದ್ದು ಕಲಸಿಹೋದಂತೆ ಕಂಡಿತೆನ್ನೋಣ. ‘ಕನ್ನಡ ಸರಿಯಾಗಿ ಬರುವುದಿಲ್ಲ’ ಎಂದಷ್ಟೇ ಬರೆದರೆ ತಿದ್ದುವವರಿಗೆ ಅದರಿಂದ ಏನೂ ತಿಳಿಯದು. ಯಾವ ತಂತ್ರಾಂಶದ ಎಷ್ಟನೆಯ ಆವೃತ್ತಿ, ಯಾವ ಲಿಪಿವಿನ್ಯಾಸ, ಯಾವ ಪದ, ಹೇಗೆ ಕಾಣಬೇಕಾಗಿತ್ತು, ಹೇಗೆ ಕಂಡಿತು—ಇಷ್ಟನ್ನು ತಿಳಿಸಿ ಚಿತ್ರವೊಂದನ್ನು ಲಗತ್ತಿಸಿದರೆ ಅದು ನಿಜವಾದ ಸಹಾಯ. ಅದಕ್ಕೂ ಮೊದಲು, ಬೇರೆ ಯಾರಾದರೂ ಅದೇ ದೋಷವನ್ನು ವರದಿಮಾಡಿರುವರೇ ಎಂದು ಹುಡುಕಿ ನೋಡಬೇಕು.

ದೋಷವನ್ನು ತಾನೇ ತಿದ್ದಬಲ್ಲವನು ಯೋಜನೆಯ ಪರಿಚಯಪತ್ರವನ್ನೂ, ಕೊಡುಗೆ ನೀಡುವವರಿಗಾಗಿ ಬರೆದ ನಿಯಮಗಳನ್ನೂ, ಪರವಾನಗಿಯನ್ನೂ ಓದಬೇಕು. ಅನಂತರ ಆಕರ ಸಂಕೇತದ ಪ್ರತಿಯೊಂದನ್ನು ತನ್ನ ಗಣಕಯಂತ್ರಕ್ಕೆ ಇಳಿಸಿಕೊಂಡು, ಆ ಪ್ರತಿಯಲ್ಲಿಯೇ ತಿದ್ದಿ, ತಿದ್ದಿದ್ದರಿಂದ ಬೇರೇನೂ ಕೆಡಲಿಲ್ಲವೆಂದು ಪರೀಕ್ಷಿಸಬೇಕು. ಒಂದು ಸಲಕ್ಕೆ ಒಂದೇ ತಿದ್ದುಪಡಿ ಸಾಕು. ಏನು ಬದಲಿಸಿದೆ, ಏಕೆ ಬದಲಿಸಿದೆ ಎಂಬುದನ್ನು ನಾಲ್ಕು ಮಾತಿನಲ್ಲಿ ಬರೆದು ಯೋಜನೆಯ ನಿರ್ವಾಹಕರಿಗೆ ಕಳುಹಿಸಬೇಕು. ಅವರು ಅದನ್ನು ಸಾಲುಸಾಲಾಗಿ ಪರಿಶೀಲಿಸುತ್ತಾರೆ, ಪ್ರಶ್ನೆ ಕೇಳುತ್ತಾರೆ, ಮತ್ತೆ ತಿದ್ದಿ ಕಳುಹಿಸೆನ್ನುತ್ತಾರೆ, ಕೆಲವೊಮ್ಮೆ ಬೇಡವೆಂದೂ ಹೇಳುತ್ತಾರೆ. ನಿಬಂಧದ ಪುಸ್ತಕದಲ್ಲಿ ಉಪಾಧ್ಯಾಯರ ಕೆಂಪು ಶಾಯಿಯನ್ನು ಕಂಡು ಮುನಿಯುವ ಹುಡುಗನು ಬರೆಯಲು ಕಲಿಯುವುದಿಲ್ಲ. ಇಲ್ಲಿಯೂ ಹಾಗೆಯೇ, ತಿದ್ದಿಸಿಕೊಳ್ಳಬಲ್ಲವನ ಕೆಲಸವೇ ಕೊನೆಗೆ ಮೂಲದೊಳಗೆ ಸೇರುತ್ತದೆ.

ಸಂಕೇತ ಬರೆಯಲು ಬಾರದವರು ನಿರಾಶರಾಗಬೇಕಾಗಿಲ್ಲ. ತಂತ್ರಾಂಶದ ಕೈಪಿಡಿಯನ್ನು ತಿಳಿಯಾಗಿ ಬರೆಯುವುದು, ಆದೇಶಗಳನ್ನು ಕನ್ನಡಕ್ಕೆ ತರುವುದು, ಕಾಗುಣಿತದ ತಪ್ಪುಗಳನ್ನು ತಿದ್ದುವುದು—ಇವೆಲ್ಲವೂ ಕೊಡುಗೆಗಳೇ. ಇದೇ ತೆರೆದ ಪದ್ಧತಿಯಿಂದ ಬೆಳೆಯುತ್ತಿರುವ ವಿಕ್ಷನರಿ ಎಂಬ ನಿಘಂಟನ್ನು ತೆಗೆದುಕೊಳ್ಳಬಹುದು. ‘ಕಾವಲು’ ಎಂದರೆ ಪಹರೆಯೆಂದು ಎಲ್ಲರೂ ಬಲ್ಲರು. ಆದರೆ ಅಮೃತಮಹಲ್ ದನಗಳ ತಳಿಸಂವರ್ಧನ ಕೇಂದ್ರವಿರುವ ಅಜ್ಜಂಪುರದ ಹುಡುಗನಿಗೆ ಅದರ ಇನ್ನೊಂದು ಅರ್ಥವೂ ಗೊತ್ತು: ಆ ದನಗಳ ಮೇವಿಗಾಗಿ ಕಾಯ್ದಿರಿಸಿದ ಹುಲ್ಲುಗಾವಲು. ದೂರದ ನಗರದ ಪಂಡಿತನಿಗೆ ಹೊಳೆಯದಿರಬಹುದಾದ ಅರ್ಥವನ್ನು ಆ ಹುಡುಗನು ಒದಗಿಸಬಲ್ಲನು. ಕಡೂರಿನ ಬಯಲು ಹೊಲಗಳಲ್ಲಿ, ತರೀಕೆರೆಯ ಅಡಕೆ ತೋಟಗಳಲ್ಲಿ ಆಡುವ ಮಾತುಗಳ ಗತಿಯೂ ಇದೇ. ಬಲ್ಲವರು ಬರೆದಿಡದಿದ್ದರೆ ಗಣಕಯಂತ್ರಕ್ಕೆ ಅವು ಇಲ್ಲದ ಮಾತುಗಳು.

ಆದರೆ ಕೊಡುಗೆಯ ಹೆಸರಿನಲ್ಲಿ ಕಾಟಕೊಡುವುದೂ ಉಂಟು. 2020ರ ಅಕ್ಟೋಬರಿನಲ್ಲಿ ‘ಹ್ಯಾಕ್ಟೋಬರ್‌ಫೆಸ್ಟ್’ ಎಂಬ ಉತ್ಸವದಲ್ಲಿ, ನಾಲ್ಕು ತಿದ್ದುಪಡಿಗಳನ್ನು ಕಳುಹಿಸಿದವರಿಗೆ ಒಂದು ಅಂಗಿಯ ಬಹುಮಾನವಿತ್ತು. ಅಂಗಿಯ ಆಸೆಗೆ ಅನೇಕರು ಹುರುಳಿಲ್ಲದ ಒಂದೆರಡು ಪದಗಳನ್ನು ಸೇರಿಸಿ ಕಳುಹಿಸಿದರು. ಅವನ್ನು ಒಂದೊಂದಾಗಿ ತಳ್ಳಿಹಾಕುವುದರಲ್ಲಿ ನಿರ್ವಾಹಕರ ಹೊತ್ತು ಹಾಳಾಯಿತು; ಅವರಲ್ಲಿ ಎಷ್ಟೋ ಮಂದಿ ಸಂಬಳವಿಲ್ಲದೆ ದುಡಿಯುವವರು. ತಾನು ಓದದ, ತನಗೆ ಅರ್ಥವಾಗದ ಬದಲಾವಣೆಯನ್ನು ಕಳುಹಿಸುವುದೂ, ಬೇರೆಯವರ ಪುಸ್ತಕದಿಂದ ಎತ್ತಿ ಬರೆಯುವುದೂ ಇಂಥವೇ ಅಪಚಾರಗಳು.

ಗಮನವಿಟ್ಟು ನೋಡುವವನೊಬ್ಬನಿಂದ ಎಷ್ಟು ಉಪಕಾರವಾದೀತೆಂಬುದಕ್ಕೆ 2024ರಲ್ಲಿ ಒಂದು ನಿದರ್ಶನ ದೊರೆಯಿತು. ಲಿನಕ್ಸ್ ವ್ಯವಸ್ಥೆಗಳಲ್ಲಿ ಬಳಕೆಯಲ್ಲಿರುವ ‘ಎಕ್ಸ್‌ಜೆಡ್’ ಎಂಬ ಸಣ್ಣ ತಂತ್ರಾಂಶವನ್ನು ಬಹುಮಟ್ಟಿಗೆ ಒಬ್ಬನೇ ನೋಡಿಕೊಳ್ಳುತ್ತಿದ್ದು ದಣಿದಿದ್ದನು. ಸಹಾಯಮಾಡುವ ನೆಪದಲ್ಲಿ ಸೇರಿದ ಅಪರಿಚಿತನೊಬ್ಬನು ಎರಡು ವರ್ಷಗಳಿಗೂ ಹೆಚ್ಚು ಕಾಲ ದುಡಿದು ನಂಬಿಕೆ ಗಳಿಸಿ, ಕೊನೆಗೆ ಅದರಲ್ಲಿ ಗುಟ್ಟಾದ ಕಳ್ಳದಾರಿಯೊಂದನ್ನು ಅಡಗಿಸಿದನು. ಅದು ಎಲ್ಲೆಡೆ ಹರಡಿದ್ದರೆ ಲೋಕದ ಅಸಂಖ್ಯ ಗಣಕಯಂತ್ರಗಳು ಕಳ್ಳರಿಗೆ ಬಾಗಿಲು ತೆರೆಯುತ್ತಿದ್ದವು. ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞರಿಗೆ ತಮ್ಮ ಯಂತ್ರವು ಒಂದು ಕೆಲಸಕ್ಕೆ ಎಂದಿಗಿಂತ ಸುಮಾರು ಅರ್ಧ ಸೆಕೆಂಡು ಹೆಚ್ಚು ತೆಗೆದುಕೊಳ್ಳುವುದು ಕಂಡಿತು. ಅರ್ಧ ಸೆಕೆಂಡು ತಾನೆ ಎಂದು ಅವರು ಸುಮ್ಮನಾಗಲಿಲ್ಲ. ಆಕರ ಸಂಕೇತ ತೆರೆದಿದ್ದುದರಿಂದ ಹುಡುಕುತ್ತ ಹೋಗಿ, ಮಾರ್ಚ್ 29ರಂದು ಆ ವಂಚನೆಯನ್ನು ಬಯಲಿಗೆಳೆದರು. ಏರಿಯಲ್ಲಿ ಕೂದಲೆಳೆಯಷ್ಟು ಬಿರುಕನ್ನು ಕಂಡು ಊರಿಗೆ ತಿಳಿಸಿದವನ ಕೆಲಸವನ್ನೇ ಅವರೂ ಮಾಡಿದರು.

ಈ ಘಟನೆಯಿಂದ ಕಲಿಯಬೇಕಾದ ಪಾಠ ಎರಡು. ತೆರೆದಿಟ್ಟ ಮಾತ್ರಕ್ಕೆ ತಂತ್ರಾಂಶವು ಸುರಕ್ಷಿತವಾಗದು. ಅದನ್ನು ಓದುವ ಕಣ್ಣುಗಳಿರಬೇಕು. ಬಳಸುವವರು ಕೋಟಿ, ನೋಡಿಕೊಳ್ಳುವವನು ಒಬ್ಬ ಎಂಬ ಸ್ಥಿತಿಯಲ್ಲಿ ಎಂಥ ಒಳ್ಳೆಯ ಕೆಲಸವೂ ಹಾಳಾಗುತ್ತದೆ. ಆದುದರಿಂದ ಮುಕ್ತ ತಂತ್ರಾಂಶವನ್ನು ಬಳಸುವ ವಿದ್ಯಾರ್ಥಿಗಳು ಅದರ ಪಾಲನೆಯಲ್ಲಿಯೂ ತಮ್ಮ ಪಾಲಿದೆಯೆಂದು ತಿಳಿಯಬೇಕು. ಪಾಲು ದೊಡ್ಡದೇ ಆಗಬೇಕೆಂದಿಲ್ಲ. ಶಾಲೆಯ ಗಣಕಯಂತ್ರದ ಮುಂದೆ ಕುಳಿತಾಗ ಕಣ್ಣಿಗೆ ಬಿದ್ದ ಒಂದು ತಪ್ಪು ಅಕ್ಷರವನ್ನು ಸರಿಯಾಗಿ ವರದಿಮಾಡಿ, ಉತ್ತರಕ್ಕಾಗಿ ತಾಳ್ಮೆಯಿಂದ ಕಾಯ್ದರೆ ಮೊದಲ ಕೊಡುಗೆಗೆ ಅಷ್ಟು ಸಾಕು.