ಗಾಳಿಯಲ್ಲಿ ಎಂಟು ಬರೆಯುವವರು

ಗರುಡಾಚಾರ್‌ಪಾಳ್ಯದ ಭೂಗೋಳದಲ್ಲಿ ದಿಕ್ಕುಗಳು ಎರಡೇ. ಒಂದು ವೈಟ್‌ಫೀಲ್ಡ್ ಕಡೆ, ಇನ್ನೊಂದು ಟಿನ್ ಫ್ಯಾಕ್ಟರಿ ಕಡೆ. ಆಟೊದವರಿಗೂ ಎಳನೀರಿನವರಿಗೂ ಕೊರಿಯರ್ ಹುಡುಗರಿಗೂ ಅಷ್ಟೇ ಸಾಕು. ಪೂರ್ವ ಪಶ್ಚಿಮಗಳು ನೆನಪಾಗುವುದು ಸೈಟು ಕೊಳ್ಳುವಾಗ, ಇಲ್ಲವೇ ದೇವರಕೋಣೆ ಕಟ್ಟಿಸುವಾಗ. ಉಳಿದಂತೆ ಸೂರ್ಯ ಎಲ್ಲಿ ಹುಟ್ಟಿದರೂ ನಮ್ಮ ಅಭ್ಯಂತರವಿಲ್ಲ, ರಸ್ತೆ ಖಾಲಿಯಿದ್ದರೆ ಸರಿ.

ಪಂಚಾಂಗದ ವಾರಶೂಲೆಯನ್ನೂ ಈ ಊರು ಮರೆತಿದೆ. ಸೋಮವಾರ, ಶನಿವಾರ ಪೂರ್ವಕ್ಕೆ ಪ್ರಯಾಣ ಕೂಡದೆಂದು ಹಿರಿಯರ ಮಾತು. ಆದರೆ ಸೋಮವಾರ ಬೆಳಿಗ್ಗೆ ಇಡೀ ಬೆಂಗಳೂರೇ ಪೂರ್ವಕ್ಕೆ ಮುಖ ಮಾಡಿ, ನಮ್ಮ ಮನೆಯ ಮುಂದೆಯೇ ಹಾದು, ಹೂಡಿ ಕುಂದಲಹಳ್ಳಿಗಳತ್ತ ನುಗ್ಗುತ್ತದೆ. ಅವರೆಲ್ಲರ ಕಷ್ಟಗಳಿಗೆ ಕಾರಣ ಇದೇ ಇರಬಹುದೇ ಎಂಬ ಅನುಮಾನ ನನಗೆ ಆಗಾಗ ಬರುತ್ತದೆ.

ಇಂಥ ಊರಲ್ಲೂ ಈಚೆಗೆ ಮಣಿಕಟ್ಟಿಗೆ ದಿಕ್ಸೂಚಿ ಕಟ್ಟಿಕೊಂಡವರು ಹೆಚ್ಚಿದ್ದಾರೆ. ಕುಮಾರಪರ್ವತಕ್ಕೋ ತಡಿಯಂಡಮೋಳಿಗೋ ಹೋಗಲೆಂದು ಕೊಂಡ ಕ್ಯಾಸಿಯೊ, ಗಾರ್ಮಿನ್, ಸುಂಟೊ ವಾಚುಗಳು. ವರ್ಷಕ್ಕೊಮ್ಮೆ ಬೆಟ್ಟ ಹತ್ತುತ್ತವೆ, ಮಿಕ್ಕ ದಿನ ಆಫೀಸಿನ ಲಿಫ್ಟು ಹತ್ತುತ್ತವೆ. ಅಂಥದ್ದೊಂದು ನನ್ನ ಕೈಗೂ ಬಂದಿದೆ, ಮಗಳ ಉಡುಗೊರೆ. ಅದಕ್ಕೆ ಮುಂಚೆ ಅಲ್ಲಿದ್ದದ್ದು ಎಚ್‌ಎಂಟಿ. ಜಪಾನಿನ ಸಿಟಿಜನ್ ಕಂಪನಿಯ ಜೊತೆಗೂಡಿ 1961ರಲ್ಲಿ ಜಾಲಹಳ್ಳಿಯಲ್ಲಿ ಶುರುವಾದ ಕಾರ್ಖಾನೆಯದು. ಆ ವಾಚಿಗೂ ಅಯಸ್ಕಾಂತಕ್ಕೂ ಹಗೆತನ. ರೇಡಿಯೊದ ಸ್ಪೀಕರಿನ ಮೇಲೆ ಮರೆತಿಟ್ಟರೆ ಒಳಗಿನ ಕೂದಲೆಳೆಯ ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ಅಂಟಿಕೊಂಡು ಗಡಿಯಾರ ಮುಂದೆ ಮುಂದೆ ಓಡುತ್ತಿತ್ತು. ಈಗಿನದಕ್ಕೆ ಅಯಸ್ಕಾಂತವೇ ಅನ್ನ. ಬೆಳಿಗ್ಗೆ ಕೀಲಿ ಕೊಟ್ಟರೆ ಹಳೆಯದು ಬೇರೇನನ್ನೂ ಕೇಳುತ್ತಿರಲಿಲ್ಲ. ಇದು ಮಾತ್ರ ಹೊತ್ತುಗೊತ್ತಿಲ್ಲದೆ "ಕ್ಯಾಲಿಬ್ರೇಟ್ ಮಾಡಿ" ಎನ್ನುತ್ತದೆ.

ಮಾಡುವುದೆಂದರೆ ಕೈ ಚಾಚಿ ಗಾಳಿಯಲ್ಲಿ ಎಂಟು ಬರೆಯುವುದು. ಅಪಾರ್ಟ್‌ಮೆಂಟಿನ ಗೇಟಿನ ಬಳಿ ಗಂಭೀರ ಮುಖದವರೊಬ್ಬರು ಹೀಗೆ ಎಂಟು ಬರೆಯುತ್ತಿದ್ದರೆ ಸೆಕ್ಯುರಿಟಿಯವರು ಹೊಸ ಯೋಗಾಸನ ಎಂದುಕೊಂಡು ಸುಮ್ಮನಿರುತ್ತಾರೆ. ಕೆ.ಆರ್. ಪುರದ ಆರ್‌ಟಿಒ ಮೈದಾನದಲ್ಲಿ ಕಾಲು ನೆಲಕ್ಕೆ ತಾಕಿಸದೆ ಸ್ಕೂಟರಿನಲ್ಲಿ ಎಂಟು ಹಾಕಿ ಲೈಸೆನ್ಸ್ ಪಡೆದವರಿಗೆ ಇದೇನೂ ಕಷ್ಟವಲ್ಲ. ಏಕೆ ಬರೆಯುತ್ತಿದ್ದೇವೆ ಎಂಬುದನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ.

ವಾಚಿನೊಳಗೆ ಸೂಜಿ ಇಲ್ಲ. ಉದ್ದ, ಅಗಲ, ಎತ್ತರ ಎಂಬ ಮೂರು ದಿಕ್ಕಿಗೆ ಮೂರು ಪುಟ್ಟ ಸಂವೇದಕಗಳಿವೆ. ಭೂಮಿಯ ಕಾಂತಕ್ಷೇತ್ರ ತನ್ನ ದಿಕ್ಕಿನಲ್ಲಿ ಎಷ್ಟಿದೆ ಎಂದು ಒಂದೊಂದೂ ಅಳೆಯುತ್ತದೆ. ಬೆಂಗಳೂರಿನಲ್ಲಿ ಆ ಕ್ಷೇತ್ರದ ಬಲ ಸುಮಾರು 41 ಮೈಕ್ರೊಟೆಸ್ಲಾ. ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಗೊಂಬೆಯ ಮೈಮೇಲೆ ಅದರ ನೂರು ಪಟ್ಟು ಇರುತ್ತದೆ. ಅಷ್ಟು ಬಡಕಲು ಕ್ಷೇತ್ರವನ್ನು ಅಳೆಯಹೊರಟವನ ಹೊಟ್ಟೆಯಲ್ಲೇ ಬ್ಯಾಟರಿ, ಸ್ಪೀಕರು, ಗುಂಯ್‌ಗುಡುವ ಮೋಟಾರು. ಸೊಂಟಕ್ಕೆ ಸ್ಟೀಲಿನ ಪಟ್ಟಿ. ಇವುಗಳ ಕಾಂತತೆಯೂ ಲೆಕ್ಕಕ್ಕೆ ಸೇರುತ್ತದೆ. ಎಣ್ಣೆ ತರಲು ಹೋದವರು ಖಾಲಿ ಡಬ್ಬದ ತೂಕ ಮೊದಲು ನೋಡಿಸಿಕೊಳ್ಳುವುದಿಲ್ಲವೇ, ಎಂಟು ಬರೆಯುವುದೂ ಅದಕ್ಕೇ. ಕೈ ತಿರುಗಿದಾಗ ವಾಚಿನ ಪಾಲಿಗೆ ಭೂಮಿಯ ಕ್ಷೇತ್ರ ದಿಕ್ಕು ಬದಲಿಸುತ್ತದೆ, ವಾಚಿನ ಸ್ವಂತ ಸಾಮಾನಿನ ಕ್ಷೇತ್ರ ಅದರ ಜೊತೆಗೇ ತಿರುಗುವುದರಿಂದ ಬದಲಾಗುವುದಿಲ್ಲ. ಬದಲಾಗದೆ ಉಳಿದದ್ದು ತನ್ನದು ಎಂದು ವಾಚು ಅದನ್ನು ಕಳೆದುಬಿಡುತ್ತದೆ. ಗಿರಗಿಟ್ಟಲೆಯಂತೆ ಮಟ್ಟಸವಾಗಿ ಸುತ್ತಿದರೆ ಮೂರನೆಯ ಸಂವೇದಕಕ್ಕೆ ಏನೂ ಗೊತ್ತಾಗುವುದಿಲ್ಲ. ಎಂಟು ಬರೆಯುವಾಗ ಮಣಿಕಟ್ಟು ಅಡಿಮೇಲಾಗುತ್ತದೆ, ಮೂರಕ್ಕೂ ಪಾಲು ಸಿಗುತ್ತದೆ. ಕ್ಯಾಸಿಯೊದ ಕೆಲವು ವಾಚುಗಳಲ್ಲಿ ಎಂಟರ ಗೋಜೇ ಇಲ್ಲ. ಸಮತಲದಲ್ಲಿಟ್ಟು ಒಂದು ಗುಂಡಿ ಒತ್ತಿ, ನೂರೆಂಬತ್ತು ಡಿಗ್ರಿ ತಿರುಗಿಸಿ ಮತ್ತೆ ಒತ್ತಿದರೆ ಎರಡರ ನಡುವನ್ನು ತಾನೇ ಹಿಡಿಯುತ್ತದೆ.

ಇಲ್ಲೊಂದು ತೊಡಕಿದೆ. ವಾಚು ಕಳೆಯುವುದು ತನ್ನ ಜೊತೆ ತಿರುಗುವ ಕಬ್ಬಿಣವನ್ನು ಮಾತ್ರ. ತಾರಸಿಯ ಸ್ಲ್ಯಾಬಿನೊಳಗಿನ ಕಂಬಿ, ಕಬ್ಬಿಣದ ಮಂಚ, ಕೆಳಗೆ ನಿಂತ ಕಾರು ಇವೆಲ್ಲ ಇದ್ದಲ್ಲೇ ಇರುವುದರಿಂದ ಅವನ್ನೂ ಭೂಮಿಯ ಖಾತೆಗೇ ಬರೆದುಕೊಳ್ಳುತ್ತದೆ. ಮಂಚದ ಮೇಲೆ ಕೂತು ಕ್ಯಾಲಿಬ್ರೇಟ್ ಮಾಡಿದವರು ಮಂಚದ ದೋಷವನ್ನು ಕೈಗೆ ಕಟ್ಟಿಕೊಂಡು ಬೆಟ್ಟಕ್ಕೆ ಹೋಗುತ್ತಾರೆ. ವಿಮಾನದವರು ಇದನ್ನು ಬಹಳ ಹಿಂದೆಯೇ ಅರಿತಿದ್ದರು. ದಿಕ್ಸೂಚಿ ಸರಿಪಡಿಸಲು ವಿಮಾನವನ್ನು ಕಟ್ಟಡಗಳಿಂದ ದೂರ ಒಯ್ದು, ಕಬ್ಬಿಣವಿಲ್ಲದ ಬಯಲಿನಲ್ಲಿ ಒಂದೊಂದೇ ದಿಕ್ಕಿಗೆ ತಿರುಗಿಸಿ ನಿಲ್ಲಿಸುತ್ತಾರೆ. ನಮ್ಮ ಪಕ್ಕದ ಎಚ್‌ಎಎಲ್ ವಿಮಾನನಿಲ್ದಾಣದ ರನ್‌ವೇಗೆ ಇರುವ 09, 27 ಎಂಬ ಹೆಸರುಗಳೂ ದಿಕ್ಸೂಚಿಯ ಡಿಗ್ರಿಗಳೇ, ಕೊನೆಯ ಸೊನ್ನೆ ಬಿಟ್ಟು ಬರೆದದ್ದು.

ದಿಕ್ಸೂಚಿಯ ಪಾಲಿಗೆ ಬೆಂಗಳೂರು ಹುಟ್ಟಾ ಒಳ್ಳೆಯ ಊರು. ದಿಕ್ಸೂಚಿಯ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಇಲ್ಲಿರುವ ಅಂತರ ಪಶ್ಚಿಮಕ್ಕೆ ಸುಮಾರು 1.5 ಡಿಗ್ರಿ, ಒಂದು ಕಿಲೋಮೀಟರ್ ನಡೆದರೆ ಇಪ್ಪತ್ತೈದು ಮೀಟರಿನಷ್ಟು ತಪ್ಪು, ಅಷ್ಟೆ. ಇನ್ನೂ ದೊಡ್ಡ ಭಾಗ್ಯ ಬೇರೆಯಿದೆ. ಭೂಮಿಯ ಕಾಂತರೇಖೆಗಳು ಧ್ರುವದ ಕಡೆ ಹೋದಂತೆ ನೆಲಕ್ಕೆ ಕುತ್ತಿಗೆ ಬಾಗಿಸುತ್ತವೆ. ಲಂಡನ್ನಿನಲ್ಲಿ 66 ಡಿಗ್ರಿ ಮೀರಿ ಬಾಗಿವೆ. ಕಾಂತಸಮಭಾಜಕವು ಭಾರತದ ದಕ್ಷಿಣದ ತುದಿಯ ಸಮೀಪ ಹಾದುಹೋಗುವುದರಿಂದ (1963ರಲ್ಲಿ ಮೊದಲ ರಾಕೆಟ್ ಹಾರಿಸಲು ಕೇರಳದ ತುಂಬಾ ಎಂಬ ಊರನ್ನು ಆರಿಸಿದ್ದು ಈ ಕಾರಣಕ್ಕೇ) ನಮ್ಮಲ್ಲಿ ಆ ಬಾಗು ಹದಿಮೂರು ಡಿಗ್ರಿಯ ಆಸುಪಾಸು. ಇದರ ಫಲ ಕೇಳಿ. ವಾಲಿಕೆಯನ್ನು ತಾನೇ ಸರಿಪಡಿಸಿಕೊಳ್ಳಲಾರದ ಹಳೆಯ ಮಾದರಿಯ ವಾಚನ್ನು ಹತ್ತು ಡಿಗ್ರಿ ಓರೆಯಾಗಿ ಹಿಡಿದರೆ ಲಂಡನ್ನಿನವನು ಇಪ್ಪತ್ತು ಡಿಗ್ರಿಗೂ ಮೀರಿ ದಾರಿ ತಪ್ಪಬಹುದು, ಗರುಡಾಚಾರ್‌ಪಾಳ್ಯದವನು ಎರಡು, ಹೆಚ್ಚೆಂದರೆ ಎರಡೂವರೆ. ಪ್ರಕೃತಿ ಇಷ್ಟು ಕೊಟ್ಟಿತ್ತು. ಅದರ ಮೇಲೆ ಕಬ್ಬಿಣ ಸುರಿದವರು ನಾವು.

ಆ ಕಬ್ಬಿಣದ ನಡುವೆಯೇ ವಾಸ್ತು ನೋಡುವವರು ಬರುತ್ತಾರೆ. ಪೂರ್ವಾಭಿಮುಖದ ಸೈಟಿಗೆ ಬೆಲೆ ಹೆಚ್ಚು. ಈಶಾನ್ಯದಲ್ಲಿ ಸಂಪು, ಆಗ್ನೇಯದಲ್ಲಿ ಒಲೆ. ಶಾಸ್ತ್ರದ ಬಗ್ಗೆ ನನ್ನದು ತಕರಾರಿಲ್ಲ, ನಿಲ್ಲುವ ಜಾಗದ ಬಗ್ಗೆ ಇದೆ. ಎದ್ದುನಿಂತ ಟಿಎಂಟಿ ಕಂಬಿಗಳ ಪಕ್ಕ ನಿಂತು ಅಂಗೈ ಮೇಲೆ ದಿಕ್ಸೂಚಿಯಿಟ್ಟು ಈಶಾನ್ಯ ಹುಡುಕಿದರೆ ಸಿಗುವುದು ಕಂಬಿಯ ಈಶಾನ್ಯ. ಅಡುಗೆಮನೆ ಒಡೆಸುವ ಮುಂಚೆ ನಾಲ್ಕು ಹೆಜ್ಜೆ ಆಚೆ ಹೋಗಿ ಇನ್ನೊಮ್ಮೆ ನೋಡಿದರೆ ಯಾವ ಗ್ರಹವೂ ಕೋಪಿಸಿಕೊಳ್ಳುವುದಿಲ್ಲ. ಶಿವಾಜಿನಗರದ ಕಡೆ ನಮಾಜಿಗೆ ಇದೇ ವಾಚು ಬಳಸುವವರಿದ್ದಾರೆ. ಬೆಂಗಳೂರಿನಿಂದ ಮೆಕ್ಕಾ ನೇರ ಪಶ್ಚಿಮಕ್ಕಿಲ್ಲ, ಪಶ್ಚಿಮದಿಂದ ಸುಮಾರು 18 ಡಿಗ್ರಿ ಉತ್ತರಕ್ಕಿದೆ. ಅವರಿಗೂ ಕಂಬಿಯ ಕಾಟ ತಪ್ಪಿದ್ದಲ್ಲ.

ದಿಕ್ಸೂಚಿಯ ಮಾತು ಬಂದರೆ ಬ್ರಿಟಿಷ್ ಸೇನೆಯ ಭೂಮಾಪಕ ಲ್ಯಾಂಬ್ಟನ್ನನನ್ನು ಬಿಡುವಂತಿಲ್ಲ. 1799ರ ಮೈಸೂರು ಯುದ್ಧದಲ್ಲಿ ಶ್ರೀರಂಗಪಟ್ಟಣದ ಹತ್ತಿರ ಒಂದು ರಾತ್ರಿ ಜನರಲ್ ಬೇರ್ಡ್‌ನ ತುಕಡಿ ತನ್ನ ಶಿಬಿರಕ್ಕೆ ವಾಪಸಾಗುತ್ತಿದೆ ಎಂದುಕೊಂಡು ಟಿಪ್ಪುವಿನ ಪಾಳೆಯದ ಕಡೆಗೇ ನಡೆಯುತ್ತಿತ್ತಂತೆ. ನಕ್ಷತ್ರ ನೋಡಿ ಲ್ಯಾಂಬ್ಟನ್ ಹೇಳಿದ, ನಾವು ಹೋಗುತ್ತಿರುವುದು ಉತ್ತರಕ್ಕೆ. ಜನರಲ್ ಸಾಹೇಬರು ನಂಬಲಿಲ್ಲ. ಕೊನೆಗೆ ದಿಕ್ಸೂಚಿ ತೆಗೆದು ನೋಡಿದಾಗ ಅವನ ಮಾತು ನಿಜವಾಗಿತ್ತು. ಮರುವರ್ಷ, 1800ರ ಅಕ್ಟೋಬರಿನಿಂದ ಡಿಸೆಂಬರಿನವರೆಗೆ, ಅದೇ ಲ್ಯಾಂಬ್ಟನ್ ಉಕ್ಕಿನ ಸರಪಳಿ ಹಿಡಿದು ಅಳೆದ ನೆಲ ನಮ್ಮ ನೆರೆಯದು: ಕೃಷ್ಣರಾಜಪುರದಿಂದ ಅಗರದವರೆಗೆ, 7.4321 ಮೈಲಿ. ಆ ಸರಪಳಿ ಮೊದಲು ಚೀನಾದ ಚಕ್ರವರ್ತಿಗೆ ಕಾಣಿಕೆಯಾಗಿ ಹೋಗಿ, ಬೇಡವೆನಿಸಿಕೊಂಡು, ಭಾರತಕ್ಕೆ ಬಂದದ್ದು. ಎರಡು ತಿಂಗಳು ಬಿಸಿಲಲ್ಲಿ ನಿಂತು ಮೈಲಿಯ ನಾಲ್ಕನೆಯ ದಶಮಾಂಶದವರೆಗೆ ಅಳೆದವನ ಪಕ್ಕದೂರಿನಲ್ಲಿ ಕೂತು, ಎಂಟು ಬರೆಯಲು ಅರ್ಧ ನಿಮಿಷ ಹಿಡಿಯಿತೆಂದು ಗೊಣಗುವುದು ಚೆನ್ನಾಗಿರುವುದಿಲ್ಲ.

ನಕ್ಷತ್ರ ನೋಡೋಣವೆಂದರೆ ಧ್ರುವ ನಮ್ಮಲ್ಲಿ ದಿಗಂತದಿಂದ 13 ಡಿಗ್ರಿಯಷ್ಟೇ ಮೇಲೆ. ಅಷ್ಟು ಕೆಳಗಿನ ಆಕಾಶವೆಲ್ಲ ಬಿಲ್ಡರುಗಳ ಪಾಲಾಗಿದೆ. ಗಡಿಯಾರದ ಗಂಟೆಮುಳ್ಳನ್ನು ಸೂರ್ಯನತ್ತ ಹಿಡಿದು ದಕ್ಷಿಣ ಕಂಡುಹಿಡಿಯುವ ಸ್ಕೌಟಿನ ಉಪಾಯ ಯೂರೋಪಿನವರಿಗೆ ಸರಿ. ನಮ್ಮೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ಸೂರ್ಯ ನೆತ್ತಿಗೇ ಬಂದು, ಆಗಸ್ಟ್ 18ರ ಸುಮಾರಿಗೆ ಮತ್ತೊಮ್ಮೆ ನೆತ್ತಿ ದಾಟುತ್ತಾನೆ; ನಡುವಿನ ದಿನಗಳಲ್ಲಿ ಮಧ್ಯಾಹ್ನದ ಸೂರ್ಯ ಇರುವುದು ಉತ್ತರಕ್ಕೆ. ಆ ಉಪಾಯ ನಂಬಿದವರು ಹೊಸೂರಿಗೆ ಹೊರಟು ಯಲಹಂಕ ತಲುಪುತ್ತಾರೆ.

ಹಾಗಾದರೆ ಇಲ್ಲಿ ವಾಚಿನ ದಿಕ್ಸೂಚಿಯಿಂದ ಪ್ರಯೋಜನವೇನು? ನನಗೆ ಕಂಡಂತೆ, ಮೆಟ್ರೊ ಇಳಿದ ಕ್ಷಣಕ್ಕೆ. ಕೆ.ಆರ್. ಪುರದಿಂದ ವೈಟ್‌ಫೀಲ್ಡಿನವರೆಗಿನ ಈ ನೇರಳೆ ಮಾರ್ಗ ತೆರೆದದ್ದು 2023ರ ಮಾರ್ಚ್ 25ರಂದು. ನಮ್ಮ ನಿಲ್ದಾಣದವರೆಗೆ ಪೂರ್ವಕ್ಕೆ ಬಂದ ರೈಲು ಹೂಡಿ ದಾಟಿ ದಕ್ಷಿಣಕ್ಕೆ ಹೊರಳುತ್ತದೆ, ಮತ್ತೆ ಪೂರ್ವ, ಕೊನೆಗೆ ಉತ್ತರ. ಒಳಗೆ ಕೂತವರಿಗೆ ಈ ಹೊರಳಾಟ ತಿಳಿಯುವುದೇ ಇಲ್ಲ. ಇಳಿದು ಮೊಬೈಲಿನ ನಕ್ಷೆ ತೆರೆದರೆ ಉಪಗ್ರಹ ನೀವು ಎಲ್ಲಿದ್ದೀರಿ ಎನ್ನುತ್ತದೆ, ನಿಂತವರು ಯಾವ ಕಡೆ ಮುಖ ಮಾಡಿದ್ದಾರೆಂಬುದು ಅದಕ್ಕೆ ಗೊತ್ತಾಗದು. ಅದನ್ನು ಹೇಳಬೇಕಾದದ್ದು ದಿಕ್ಸೂಚಿಯೇ. ಆದರೆ ನಿಲ್ದಾಣದಲ್ಲಿ ಅದರ ತಲೆ ತಿರುಗಿರುತ್ತದೆ. ಸುತ್ತ ಉಕ್ಕು, ಜೊತೆಗೆ ಮೂರನೆಯ ಹಳಿಯಲ್ಲಿ 750 ವೋಲ್ಟಿನ ನೇರ ವಿದ್ಯುತ್ತು. ರೈಲು ಹೊರಡುವಾಗ ಸಾವಿರದ ಲೆಕ್ಕದಲ್ಲಿ ಆಂಪಿಯರುಗಳು ಆ ಹಳಿಯಲ್ಲಿ ಹರಿದುಬಂದು ಪಕ್ಕದ ಹಳಿಗಳಲ್ಲಿ ಮರಳುತ್ತವೆ. ಒಂದರ ಕ್ಷೇತ್ರವನ್ನು ಇನ್ನೊಂದು ಬಹುಮಟ್ಟಿಗೆ ಅಳಿಸಿದರೂ ಉಳಿದಷ್ಟು ಸಾಕು, ಹತ್ತಿರದ ವಾಚು ಕದಲಲು.

ಇದು ಹೊಸ ಜಗಳವಲ್ಲ. ಮುಂಬಯಿಯ ಕೊಲಾಬಾದಲ್ಲಿ ಹತ್ತೊಂಬತ್ತನೆಯ ಶತಮಾನದಿಂದ ಭೂಕಾಂತತೆ ಅಳೆಯುವ ವೀಕ್ಷಣಾಲಯವಿತ್ತು. ಕುದುರೆ ಟ್ರಾಮುಗಳನ್ನು ತೆಗೆದು ವಿದ್ಯುತ್ ಟ್ರಾಮು ತರುತ್ತಾರೆ ಎಂದಾಗ, ಆ ವಿದ್ಯುತ್ತು ಉಪಕರಣಗಳನ್ನು ಕೆಡಿಸುತ್ತದೆಂದು ಇಡೀ ಕೆಲಸವನ್ನೇ ಸಮುದ್ರದಾಚೆಯ ಅಲಿಬಾಗಿಗೆ ಸಾಗಿಸಿದರು. 1904ರಿಂದ ಸುಮಾರು ಎರಡು ವರ್ಷ ಎರಡೂ ಕಡೆ ಒಟ್ಟಿಗೆ ಅಳೆದು, ತಾಳೆ ನೋಡಿ, ಆಮೇಲೆ ಕೊಲಾಬಾದ ಅಳತೆ ನಿಲ್ಲಿಸಿದರು. ಟ್ರಾಮು ಊರು ಬಿಟ್ಟು ಹೋಗಿದೆ, ಅಲಿಬಾಗಿನ ಅಳತೆ ಇಂದಿಗೂ ನಡೆಯುತ್ತಿದೆ. ನಮ್ಮ ಕೈಯ ವಾಚಿಗೆ ಅಲಿಬಾಗಿಗೆ ಹೋಗುವ ಯೋಗವಿಲ್ಲ, ಮಹದೇವಪುರ ಕೆರೆಯ ದಂಡೆಗೆ ಹೋದರೆ ಸಾಕು.

ಅಲ್ಲಿ ಬೇಲಿಯಿಂದ, ದೀಪದ ಕಂಬದಿಂದ ಹತ್ತು ಹೆಜ್ಜೆ ದೂರ ನಿಲ್ಲಿ. ಮೊಬೈಲನ್ನೂ ಇಯರ್‌ಬಡ್ಡಿನ ಡಬ್ಬಿಯನ್ನೂ ಚೀಲಕ್ಕೆ ಹಾಕಿ ಬೆಂಚಿನ ಮೇಲಿಡಿ; ಆ ಡಬ್ಬಿಯ ಮುಚ್ಚಳದ ಅಯಸ್ಕಾಂತ ಮಹಾ ತುಂಟ. ವಾಚಿನಲ್ಲಿ ಉತ್ತರದ ತಿದ್ದುಪಡಿಯನ್ನು ಕೈಯಿಂದಲೇ ತುಂಬಬೇಕೆಂದಿದ್ದರೆ ಪಶ್ಚಿಮ 1.5 ಎಂದು ತುಂಬಿ, ನಿಧಾನವಾಗಿ ಎಂಟು ಬರೆಯಿರಿ. ಪಟ್ಟಿ ಬದಲಿಸಿದಾಗ, ಬ್ಯಾಟರಿ ಬದಲಿಸಿದಾಗ, ಬೆಟ್ಟದ ಬುಡಕ್ಕೆ ಹೋದಾಗ ಮತ್ತೊಮ್ಮೆ. ಇಷ್ಟು ಮಾಡಿದರೂ ಐದು ಡಿಗ್ರಿ ಅತ್ತಿತ್ತ ಆಗುವುದು ಈ ಯಂತ್ರದ ಸ್ವಭಾವ. ಕಾಡಿನ ಹಾದಿಗೆ ಅಷ್ಟು ನಡೆಯುತ್ತದೆ. ಸೈಟು ಕೊಳ್ಳುವವರು ಮಾತ್ರ ದಲ್ಲಾಳಿಯ ಕೈಯ ವಾಚು ನೋಡಿ ಪೂರ್ವಾಭಿಮುಖದ ಬೆಲೆ ಕೊಡಬೇಡಿ. ಸರ್ವೆ ನಕ್ಷೆಯ ಮೇಲೆ ಉತ್ತರದ ಬಾಣದ ಗುರುತು ಹಾಕಿರುತ್ತಾರೆ, ಮೊದಲು ಅದನ್ನು ತರಿಸಿ ನೋಡಿ.