ಪೊರೆಯೂ ಸಂಕೋಚವೂ

“ವಯಸ್ಸಾಯಿತು, ಇನ್ನು ನೋಡಬೇಕಾದದ್ದೇನಿದೆ ಬುದ್ಧಿ?” ಹಳ್ಳಿಗಳಲ್ಲಿ ಸಂಚರಿಸುವಾಗ ಈ ಮಾತನ್ನು ನಾವು ಅನೇಕ ಸಲ ಕೇಳಿದ್ದೇವೆ. ಹೀಗೆನ್ನುವವರಲ್ಲಿ ಅಜ್ಜಿಯಂದಿರೇ ಹೆಚ್ಚು. ಕೇಳುವವರಿಗೆ ಅದು ವೈರಾಗ್ಯದಂತೆ ತೋರುತ್ತದೆ. ವಾಸ್ತವವಾಗಿ ಅದು ಮಕ್ಕಳಿಗೆ ಹೊರೆಯಾಗಬಾರದೆಂಬ ಸಂಕೋಚ.

ಜಗತ್ತಿನ ಲೆಕ್ಕವನ್ನು ನೋಡಿದಾಗ ಈ ಮಾತಿನ ಬೆಲೆ ತಿಳಿಯುತ್ತದೆ. 1990ರಿಂದ 2020ರವರೆಗಿನ ಮೂವತ್ತು ವರ್ಷಗಳಲ್ಲಿ, ವಯೋಮಾನದ ವ್ಯತ್ಯಾಸವನ್ನು ಸರಿದೂಗಿಸಿ ಎಣಿಸಿದರೆ, ಅಂಧತ್ವದ ಪ್ರಮಾಣವು ಕಾಲು ಭಾಗಕ್ಕಿಂತ ಹೆಚ್ಚು ತಗ್ಗಿದೆ. ಆದರೂ ಅಂಧರ ಸಂಖ್ಯೆ ಸುಮಾರು ಅರ್ಧದಷ್ಟು ಏರಿ, 2020ರಲ್ಲಿ 4 ಕೋಟಿ 30 ಲಕ್ಷದಷ್ಟಾಯಿತು. ಎರಡೂ ನಿಜವೇ. ವೈದ್ಯವು ಮುಂದುವರಿಯಿತು, ಅದಕ್ಕಿಂತ ವೇಗವಾಗಿ ವೃದ್ಧರ ಸಂಖ್ಯೆ ಬೆಳೆಯಿತು. ಅಂಧರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸ್ತ್ರೀಯರು.

ನಮ್ಮ ದೇಶವು 1976ರಲ್ಲಿಯೇ ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು. ಡಾ. ಎಂ. ಸಿ. ಮೋದಿಯವರು ಊರೂರಿಗೆ ಹೋಗಿ ಶಿಬಿರಗಳಲ್ಲಿ ಬಡವರ ಕಣ್ಣು ತೆರೆಸಿದುದನ್ನು ಕನ್ನಡಿಗರು ಮರೆತಿಲ್ಲ. ಒಂದು ಕಾಲದಲ್ಲಿ ಅಸಂಖ್ಯರ ದೃಷ್ಟಿಯನ್ನು ನುಂಗಿದ ಟ್ರಕೋಮಾ ರೋಗವು ಭಾರತದಲ್ಲಿ ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಉಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಸಾರಿತು. ಆದರೆ ಕಣ್ಣಿನ ಪೊರೆ ಇಂದಿಗೂ ಜಗತ್ತಿನಲ್ಲಿ ಅಂಧತ್ವದ ಮೊದಲ ಕಾರಣವಾಗಿ ಉಳಿದಿದೆ. ಮಸುಕಾದ ಮಸೂರವನ್ನು ತೆಗೆದು ಕೃತಕ ಮಸೂರವನ್ನಿಡುವ ಶಸ್ತ್ರಚಿಕಿತ್ಸೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಪೊರೆ ಪೂರ್ತಿ ಬಲಿಯಲೆಂದು ಕಾಯುವ ಹಳೆಯ ರೂಢಿಯೂ ಈಗ ಬೇಕಿಲ್ಲ.

ಕಣ್ಣಿಲ್ಲದವರ ಬಾಳು ಕಿರಿದಲ್ಲ. ಗದುಗಿನ ಪಂಚಾಕ್ಷರಿ ಗವಾಯಿಗಳನ್ನು ನೆನೆದರೆ ಸಾಕು. ಆದರೆ ಮರಳಿ ಪಡೆಯಬಹುದಾದ ದೃಷ್ಟಿಯನ್ನು ಪ್ರಾರಬ್ಧವೆಂದು ಬಿಟ್ಟುಬಿಡುವುದು ಬೇರೆಯೇ ಮಾತು. ಪ್ರಾರಬ್ಧದ ಹೆಸರನ್ನು ನಮ್ಮ ಉದಾಸೀನಕ್ಕೆ ಹೊದಿಸಬಾರದು.

ವಾಚಕರೇ, ನಿಮ್ಮ ಮನೆಯ ಹಿರಿಯರು ಹೊಸ್ತಿಲನ್ನು ಕಾಲಿನಿಂದ ತಡವುತ್ತಿರುವರೇ? ಬಂದವರನ್ನು ದನಿಯಿಂದಲೇ ಗುರುತಿಸುತ್ತಿರುವರೇ? ಅಕ್ಕಿಯಲ್ಲಿನ ಕಲ್ಲು ಆರಿಸುವುದನ್ನು ಬಿಟ್ಟಿರುವರೇ? ಅವರಾಗಿ ಹೇಳಲೆಂದು ಕಾಯಬೇಡಿರಿ. ಮಂಜಾದ ಕಣ್ಣುಗಳೆಲ್ಲವೂ ಪೊರೆಯಿಂದಲೇ ಮಂಜಾದವಲ್ಲ. ಗ್ಲಾಕೋಮಾ ಕಸಿದ ದೃಷ್ಟಿ ಮರಳಿ ಬಾರದು. ಮಧುಮೇಹವೂ ಸದ್ದಿಲ್ಲದೆ ಅಕ್ಷಿಪಟಲವನ್ನು ಕೆಡಿಸುತ್ತದೆ. ಆದುದರಿಂದ ವೈದ್ಯರು ಬೇಗನೆ ನೋಡುವುದು ಅಗತ್ಯ. ಒಂದು ದಿನದ ಕೆಲಸವನ್ನು ಬದಿಗಿರಿಸಿ, ಅವರ ಕೈ ಹಿಡಿದು ನೇತ್ರಾಲಯಕ್ಕೆ ಕರೆದೊಯ್ಯಿರಿ. ಪಕ್ಕದ ಮನೆಯ ಅಜ್ಜಿಗೆ ಯಾರೂ ಇಲ್ಲದಿದ್ದರೆ, ಅದೇ ಬಂಡಿಯಲ್ಲಿ ಅವಳಿಗೂ ಸ್ಥಳವಿರಲಿ.