ಹರಿಗೋಲು, ಗುಡಾರ ಮತ್ತು ಒಂದು ಗಾಳಿ ರಾತ್ರಿ

ಸಿನಿಮಾದಲ್ಲಿ ಹೀರೋ ಕಾಡಿಗೆ ಹೊರಟರೆ ಹಿಂದೆ ನೂರು ಜನ ಹೊರಡುತ್ತಾರೆ ಮಿತ್ರರೇ! ಲೈಟ್‌ನವರು, ಅಡುಗೆಯವರು, ಮೇಕಪ್‌ನವರು, ಜನರೇಟರ್ ವ್ಯಾನು... ಆದರೆ 2022ರ ಅಕ್ಟೋಬರ್‌ನಲ್ಲಿ ತೆರೆಗೆ ಬಂದ ‘ಗಂಧದ ಗುಡಿ’ಯಲ್ಲಿ ನಮ್ಮ ಅಪ್ಪು ಯಾವ ಪಾತ್ರವೂ ಆಗದೆ ಅಪ್ಪುವಾಗಿಯೇ ಕಾಡು, ನೀರು ಸುತ್ತಿದ್ದನ್ನು ನೀವೂ ಕಣ್ಣೊರೆಸಿಕೊಂಡೇ ನೋಡಿರುತ್ತೀರಿ. ನೀರಿನ ಪಕ್ಕ ಗುಡಾರ ಹಾಕಿ ಒಂದು ರಾತ್ರಿ ಕಳೆಯಬೇಕೆಂಬ ಹುಚ್ಚು ನನಗೆ ಹತ್ತಿದ್ದು ಅಲ್ಲಿಂದಲೇ.

ಕೆನಡಾ ಕಡೆ ಇದಕ್ಕೆ ಕೆನೂ ಎಂಬ ಉದ್ದನೆಯ ದೋಣಿ ಇದೆ. ಕೆರೆಯಿಂದ ಕೆರೆಗೆ ಹುಟ್ಟು ಹಾಕುತ್ತಾ ಹೋಗುವುದು, ನಡುವೆ ನೆಲ ಬಂದರೆ ದೋಣಿಯನ್ನೇ ಹೊತ್ತು ನಡೆಯುವುದು, ಕತ್ತಲಾದಲ್ಲಿ ಗುಡಾರ. ನಮ್ಮಲ್ಲೇನು ಕಡಿಮೆ ಸ್ವಾಮೀ? ಹಗರಿಬೊಮ್ಮನಹಳ್ಳಿ ಕಡೆಯ ಮೀನುಗಾರ ಹರಿಗೋಲನ್ನು ಬೋರಲು ಹಾಕಿ ತಲೆ ಮೇಲೆ ಹೊತ್ತು ಬರುವಾಗ ದೂರದಿಂದ ನೋಡಬೇಕು, ದೊಡ್ಡ ಆಮೆಯೊಂದು ಎದ್ದು ನಿಂತು ನಡೆದಂತೆ! 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್ ಇದನ್ನು ಕಂಡು ಬರೆದಿಟ್ಟಿದ್ದಾನೆ: ಬುಟ್ಟಿಯಂಥ ದೋಣಿ, ಹೊರಗೆ ತೊಗಲು, ಹದಿನೈದಿಪ್ಪತ್ತು ಜನ ಹತ್ತಬಹುದು, ಆದರೆ ನೆಟ್ಟಗೆ ಹೋಗದೆ ಸುತ್ತುತ್ತಲೇ ಇರುತ್ತದೆ ಅಂತ. ಈಗ ತೊಗಲು ಹೋಗಿ ಪ್ಲಾಸ್ಟಿಕ್ ಚೀಲ, ಡಾಂಬರು ಬಂದಿದೆ. ಸುತ್ತುವುದು ಮಾತ್ರ ನಿಂತಿಲ್ಲ.

ಮೊದಲು ನೆನಪಾದದ್ದು ಅಂಕಸಮುದ್ರದ ಕೆರೆ. ಸುಮಾರು 99 ಹೆಕ್ಟೇರ್, ನೀರಿನೊಳಗೇ ಜಾಲಿ ಮರಗಳು, ಅವುಗಳ ಮೇಲೆ ಬಣ್ಣದ ಕೊಕ್ಕರೆಗಳ ಸಂಸಾರ. 2024ರ ಜನವರಿಯಲ್ಲಿ ಅದು ರಾಮ್ಸರ್ ಪಟ್ಟಿಗೂ ಸೇರಿತು. ಮೂವತ್ತು ಸಾವಿರಕ್ಕೂ ಹೆಚ್ಚು ನೀರುಹಕ್ಕಿಗಳಿರುವ ಬಾಣಂತಿ ಮನೆ ಅದು! ಅಲ್ಲಿ ರಾತ್ರಿ ಹೊತ್ತು ನಮ್ಮ ಗದ್ದಲ ಯಾಕೆ? ಹಗಲು ಏರಿ ಮೇಲೆ ನಿಂತು ಕಣ್ತುಂಬ ನೋಡಿ, ತುಂಗಭದ್ರೆಯ ಹಿನ್ನೀರಿನ ಕಡೆ ಬಸ್ ಹತ್ತಿದೆ. 2025ರ ಏಪ್ರಿಲ್ ತಿಂಗಳು.

ಹಿನ್ನೀರಿನ ದಂಡೆಯಲ್ಲಿ ನನ್ನ ಗೆಳೆಯನ ಊರು. ಪಿಯುಸಿಯಲ್ಲಿ ಇಬ್ಬರೂ ಒಂದೇ ಬೆಂಚು. ನಾನು ನಡುವೆ ಬಿಟ್ಟು ಪೇಪರಿಗೆ ಬರೆಯುತ್ತಾ ತಿರುಗಿದೆ. ಅವನು ಡಿಗ್ರಿ ಮುಗಿಸಿ ಅಪ್ಪನ ಜೊತೆ ಮೀನು ಹಿಡಿಯುತ್ತಿದ್ದ. ಈಗ ಬೆಂಗಳೂರಿಗೆ ಹೋಗುತ್ತೇನೆ, ಹರಿಗೋಲು ಮಾರು ಅಂತ ಅಪ್ಪನ ಹತ್ತಿರ ಹಟ. ಕಾಕಾ ನನ್ನನ್ನು ಪಕ್ಕಕ್ಕೆ ಕರೆದು, “ನೀನಾರ ಒಂದ್ ಮಾತು ಹೇಳ್ ತಮ್ಮಾ” ಅಂದ. ಹೇಳಲು ನನಗೆ ಯಾವ ಮುಖ? ನಾನೇ ಊರು ಬಿಟ್ಟು ಬಸ್ಸುಗಳಲ್ಲಿ ಬದುಕುವವನು.

ಸಂಜೆ ಮೂವರೂ ಹೊರಟೆವು. ಬೇಸಿಗೆಯಲ್ಲಿ ನೀರು ಇಳಿದು ನಡುವೆ ದಿಬ್ಬ ಎದ್ದಿತ್ತು. ಅಲ್ಲೇ ತಾಡಪಾಲಿನ ಗುಡಾರ, ಮೂರು ಕಲ್ಲಿನ ಒಲೆ, ಜಿಲೇಬಿ ಮೀನಿನ ಸಾರು, ಕಟ್ಟಿಕೊಂಡು ಬಂದ ಜೋಳದ ರೊಟ್ಟಿ. ಊಟವಾದ ಮೇಲೆ ಕಾಕಾ ಕತ್ತಲಿನತ್ತ ಕೈ ಮಾಡಿ ಹೇಳಿದ:

“ಅಗಾ, ಅಲ್ಲಿ ನಮ್ಮಪ್ಪನ ಹೊಲ ಇತ್ತು. ಅದರ ಮ್ಯಾಲೇ ಬಲೆ ಬಿಡ್ತೀನಿ ನಾನು.”

1945ರಲ್ಲಿ ಅಣೆಕಟ್ಟಿನ ಕೆಲಸ ಶುರುವಾಗಿ, 1953ರಲ್ಲಿ ನೀರು ನಿಂತಾಗ ಮುಳುಗಿದ ಊರುಗಳಲ್ಲಿ ಅವರದೂ ಒಂದು. 2024ರ ಆಗಸ್ಟ್ 10ರ ರಾತ್ರಿ ಚೈನ್ ತುಂಡಾಗಿ 19ನೇ ಗೇಟು ಕೊಚ್ಚಿಹೋದಾಗ ಕಾಕಾ ವಾರವಿಡೀ ಸರಿಯಾಗಿ ಊಟ ಮಾಡಲಿಲ್ಲವಂತೆ. ಅಪ್ಪನ ಹೊಲ ನುಂಗಿದ ನೀರು ಹರಿದುಹೋಗುತ್ತದೆ ಅಂತ ಮಗ ಕಂಗಾಲಾದದ್ದು! ಇದನ್ನು ಯಾವ ಕಥೆಗಾರ ಬರೆದಾನು?

ನಡುರಾತ್ರಿ ಅಡ್ಡಮಳೆಯ ಗಾಳಿ ಎದ್ದಿತು. ಗುಡಾರ ಹಾರಿತು. ನಾನು ತಾಡಪಾಲು ಹಿಡಿಯಲು ಓಡಿದರೆ ಕಾಕಾ “ಹರಗೋಲು!” ಅಂತ ಕೂಗಿದ. ಹಗ್ಗ ಕಟ್ಟಿದ್ದ ಗೂಟ ಕಿತ್ತು, ಮಿಂಚಿನ ಬೆಳಕಿನಲ್ಲಿ ಹರಿಗೋಲು ಬುಗುರಿಯಂತೆ ತಿರುಗುತ್ತಾ ನೀರಿನ ನಡುವೆ ಹೋಗುತ್ತಿತ್ತು. ಸುತ್ತ ಆಳವಾದ ನೀರು. ನನಗೆ ಈಜು ಬಾರದು.

ಗೆಳೆಯ ಅಂಗಿ ಕಿತ್ತೆಸೆದು ಧುಮುಕಿದ. “ಬ್ಯಾಡೋ, ಹೋದರ ಹೋಗ್ಲಿ, ಬಾರೋ!” ಕಾಕಾನ ಗಂಟಲು ಹರಿಯುವಂತೆ ಕೂಗು. ಮಿಂಚಿದಾಗ ಒಂದು ತಲೆ ಕಾಣುತ್ತಿತ್ತು. ಆಮೇಲೆ ಅದೂ ಕಾಣಲಿಲ್ಲ. ಎಷ್ಟು ಹೊತ್ತೋ, ನನ್ನ ಹತ್ತಿರ ಗಡಿಯಾರವಿರಲಿಲ್ಲ. ಕಾಕಾ ನನ್ನ ರಟ್ಟೆ ಹಿಡಿದಿದ್ದ ಜಾಗ ಮೂರು ದಿನ ಕಪ್ಪಾಗಿತ್ತು, ಅಷ್ಟು ಗೊತ್ತು.

ದಿಬ್ಬದ ಆ ಕಡೆಯಿಂದ “ಯಪ್ಪಾ, ಇಲ್ಲದೀನಿ” ಅಂತ ದನಿ ಬಂತು. ಹುಟ್ಟಿಲ್ಲದೆ, ಬರಿಗೈಯಲ್ಲಿ ನೀರು ತಳ್ಳಿಕೊಂಡು ತಂದಿದ್ದ. ಕಾಕಾ ಬೈಯಲಿಲ್ಲ, ಅಪ್ಪಿಕೊಳ್ಳಲೂ ಇಲ್ಲ. ಹೆಗಲ ಟವೆಲ್ ಕೊಟ್ಟು ಒದ್ದೆ ಸೌದೆ ಊದುತ್ತಾ ಕೂತ. ಬೆಳಗಿನ ಜಾವ ನನ್ನನ್ನು ಕೇಳಿದ:

“ಬೆಂಗ್ಳೂರಾಗ ಈಜು ಬರೋರಿಗೆ ಕೆಲಸ ಐತೇನ್ ತಮ್ಮಾ?”

ಸೋಮವಾರ ಗೆಳೆಯ ಬಸ್ ಹತ್ತಿದ. ಈಗ ಒಂದು ಗೋದಾಮಿನಲ್ಲಿ ಲೆಕ್ಕ ಬರೆಯುತ್ತಾನೆ. ಹರಿಗೋಲು ಮಾರಲಿಲ್ಲ. ಪ್ರತಿ ಭಾನುವಾರ ಫೋನ್ ಮಾಡಿ ಮೊದಲು ನೀರು ಎಷ್ಟಿದೆ ಅಂತ ಕೇಳುತ್ತಾನಂತೆ. ಆಮೇಲೆ ಅವ್ವನ ಆರೋಗ್ಯ.